ಕೆಳಗಿನ ನೀರು

ನನ್ನ ನಾದಿನಿ ಮಮತಾ ಸಮುದ್ರದ ಜ್ವರ ನೋಡುವ ಕೆಲಸ ಮಾಡುತ್ತಾಳೆ ಎಂದು ಮದುವೆಯಾದ ಹೊಸದರಲ್ಲಿ ನನ್ನ ಗಂಡ ಹೇಳಿದಾಗ ನಾನು ನಂಬಲಿಲ್ಲ. ನಾನು ಇದೇ ಬಯಲುಸೀಮೆಯ ರತ್ನಗಿರಿ ಕಡೆಯ ಹಳ್ಳಿ ಹುಡುಗಿ, ಏನು ಹೇಳಿದರೂ ಬಾಯಿ ಬಿಟ್ಟುಕೊಂಡು ಕೇಳುತ್ತೇನೆ ಎಂದು ಆಟ ಆಡಿಸುತ್ತಿದ್ದಾರೆ ಅಂದುಕೊಂಡೆ. ರಾಯದುರ್ಗದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಬೇಕಾದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಇಲ್ಲಿರುವುದು ಬೆಟ್ಟ, ಬಂಡೆ ಮತ್ತು ಜೀನ್ಸ್ ಪ್ಯಾಂಟು. ಆಮೇಲೆ ಕೊರೋನಾ ಬಂತು. ಮಮತಾ ಕಂಪ್ಯೂಟರ್ ಹೊತ್ತುಕೊಂಡು ತವರಿಗೆ ಬಂದಳು, ಅವಳ ಆಫೀಸಿನವರು ಅಲ್ಲಿಂದಲೇ ಕೆಲಸ ಮಾಡು ಎಂದರು, ಕೊರೋನಾ ಹೋದರೂ ಅವಳು ಹೋಗಲಿಲ್ಲ. ಮಹಡಿಯ ಕೋಣೆಯಲ್ಲಿ ಅವಳು ಸಮುದ್ರ ನೋಡುತ್ತಿದ್ದಳು, ಕೆಳಗೆ ನಾವು ಪ್ಯಾಂಟು ಕತ್ತರಿಸುತ್ತಿದ್ದೆವು.

ನಮ್ಮ ಮಾವ ಸಣ್ಣಬಸಪ್ಪ ಊರಿಗೆಲ್ಲ ಗೊತ್ತಿರುವ ಕಟಿಂಗ್ ಮಾಸ್ಟರ್. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮೇಲಿನ ಪದರಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮಿಷನ್ ಕತ್ತಿಯಿಂದ ಎಲ್ಲವನ್ನೂ ಒಂದೇ ಸಲ ಕತ್ತರಿಸುತ್ತಾರೆ. ಹಾಗೆ ಕತ್ತರಿಸಿದ ಮುಂಭಾಗ, ಹಿಂಭಾಗ, ಜೇಬು, ಸೊಂಟಪಟ್ಟಿ ಎಲ್ಲಕ್ಕೂ ಪದರದ ನಂಬರಿನ ಸಣ್ಣ ಚೀಟಿ ಅಂಟಿಸುವುದು ನನ್ನ ಮತ್ತು ನಮ್ಮಲ್ಲಿ ಕೂಲಿಗೆ ಬರುವ ದ್ಯಾಮಕ್ಕನ ಕೆಲಸ. ಕೇಳಲಿಕ್ಕೆ ಸುಲಭ. ಆದರೆ ಪದರಗಳು ಬೇರೆ ಬೇರೆ ಥಾನಿನವು, ಅಂದರೆ ಬೇರೆ ಬೇರೆ ಬಟ್ಟೆ ಸುರುಳಿಯವು, ಒಂದು ಥಾನಿನ ನೀಲಿ ಇನ್ನೊಂದು ಥಾನಿನ ನೀಲಿಯಲ್ಲ. ಮೇಜಿನ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಬಳ್ಳಾರಿಗೆ ಹೋಗಿ ವಾಷಿಂಗ್ ಆಗಿ ಬಂದಾಗ ಒಂದು ಕಪ್ಪಗಿರುತ್ತದೆ, ಒಂದು ಬೆಳ್ಳಗಾಗಿರುತ್ತದೆ. ಅದಕ್ಕೇ ಒಂದು ಪ್ಯಾಂಟಿನ ತುಂಡುಗಳೆಲ್ಲ ಒಂದೇ ಪದರದ್ದಾಗಿರಬೇಕು.

ನಂಬರ್ ಹಾಕುವುದರಲ್ಲಿ ನಮ್ಮ ಮಾವನದು ಒಂದು ಹಟ. ಮೊದಲು ಹಾಸಿದ್ದೇ ಒಂದನೆಯದು, ಅಂದರೆ ಎಲ್ಲಕ್ಕಿಂತ ಕೆಳಗಿನ ಪದರ. ಬೇರೆ ಯೂನಿಟ್‌ಗಳಲ್ಲಿ ಕೈಗೆ ಮೊದಲು ಸಿಗುವುದು ಮೇಲಿನದು ಎಂದು ಮೇಲಿನಿಂದ ಎಣಿಸುತ್ತಾರೆ. ಮಾವನ ಮುಂದೆ ಆ ಮಾತು ಎತ್ತಿದರೆ ಮುಗಿಯಿತು. "ಮನಿ ಕಟ್ಟಾವ ಮೊದ್ಲು ಪಾಯ ಹಾಕ್ತಾನೋ ಮಾಳಿಗಿ ಹಾಕ್ತಾನೋ?" ಎಂದು ಕತ್ತರಿ ಕೆಳಗಿಟ್ಟು ಕೇಳುತ್ತಾರೆ. ಮಮತಾ ಅಂಕಿ ಕಲಿತದ್ದೂ ಇದೇ ಮೇಜಿನ ಮೇಲೆ. ಸ್ಕೂಲಿಗೆ ಹೋಗುವ ಮೊದಲೇ ಚೀಟಿ ಅಂಟಿಸುತ್ತಿದ್ದಳಂತೆ, ಕೆಳಗಿನಿಂದ ಮೇಲಕ್ಕೆ. ಅತ್ತೆ ದ್ರಾಕ್ಷಾಯಣಮ್ಮ ಅದನ್ನು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಾರೆ.

ನನ್ನ ಗಂಡ ಸಿದ್ದರಾಮೇಶ್ ಟೈಲರ್. ಕೊರೋನಾದ ವರ್ಷ ಆರ್ಡರ್‌ಗಳು ನಿಂತು ಮಿಷನ್‌ಗಳ ಮೇಲೆ ದೂಳು ಕೂತಾಗ ಊರಿನ ಹೊಲಿಗೆಯವರು ಸಿಕ್ಕ ಸಿಕ್ಕ ಕಡೆ ಹೋದರು. ದ್ಯಾಮಕ್ಕನ ಗಂಡ ಬೊಮ್ಮಪ್ಪ ಮಂಗಳೂರು ಕಡೆಯ ಒಂದು ಬಂದರಿನಲ್ಲಿ ಹರಿದ ಬಲೆ ಹೊಲಿಯಲು ಹೋದವನು, ನನ್ನ ಗಂಡನನ್ನೂ ಕರೆಸಿಕೊಂಡ. ಸೂಜಿ ಹಿಡಿದ ಕೈಗೆ ಬಲೆ ಬೇಗ ಒಗ್ಗಿತು. ದಡದಲ್ಲಿ ಹೊಲಿಯುತ್ತಿದ್ದವರನ್ನು ಬೋಟಿನವರು ತಮ್ಮ ಜೊತೆಗೇ ಕರೆದೊಯ್ಯತೊಡಗಿದರು, ನಡುಸಮುದ್ರದಲ್ಲಿ ಬಲೆ ಹರಿದರೆ ಅಲ್ಲೇ ಸರಿ ಮಾಡಲಿಕ್ಕೆ. ಇಲ್ಲಿ ಆರ್ಡರ್ ಮತ್ತೆ ಶುರುವಾದ ಮೇಲೆ ವಾಪಸ್ ಬನ್ನಿ ಎಂದು ನಾನು ಫೋನಿನಲ್ಲಿ ಜಗಳ ಆಡಿದ್ದೇ ಆಡಿದ್ದು. ದೀಪಾವಳಿಗೆ ಬಂದರೆ ಮತ್ತೆ ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದರು. ನಾನು ಆ ಮಾತನ್ನು ಹಿಡಿದುಕೊಂಡು ಕೂತಿದ್ದೆ.

ಬೊಮ್ಮಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಅವನಂಥ ಚಳಿಬುರುಕ ಈ ಸೀಮೆಯಲ್ಲಿ ಇಲ್ಲ. ರಾಯದುರ್ಗದ ಬೇಸಿಗೆಯಲ್ಲಿ ಬಂಡೆ ಮುಟ್ಟಿದರೆ ಕೈ ಸುಡುವಾಗಲೂ ಬೆಳಗಿನ ಹೊತ್ತು ಸ್ವೆಟರ್ ಹಾಕಿಕೊಂಡು ಚಹಾದಂಗಡಿಗೆ ಬರುತ್ತಿದ್ದ. ಬಿಸಿನೀರಿಲ್ಲದೆ ಮುಖವನ್ನೂ ತೊಳೆಯುತ್ತಿರಲಿಲ್ಲ. "ನಿನ್ ಗಂಡ ಸಮುದ್ರಕ್ಕೆ ಬಿದ್ದರೂ ಮೊದ್ಲು ಬಿಸಿನೀರು ಐತಾ ಅಂತ ಕೇಳ್ತಾನೆ ಕಣಕ್ಕ" ಎಂದು ನಾನೇ ನಗಾಡಿದ್ದೇನೆ. ದ್ಯಾಮಕ್ಕನೂ ನಕ್ಕಿದ್ದಳು. ಈಗ ಆ ಮಾತು ನೆನಪಾದರೆ ನನ್ನ ನಾಲಿಗೆ ಕಚ್ಚಿಕೊಳ್ಳಬೇಕು ಅನಿಸುತ್ತದೆ.

ಒಂದು ಮಧ್ಯಾಹ್ನ ಮಮತಾ ಊಟಕ್ಕೆ ಇಳಿದು ಬಂದಾಗ ದ್ಯಾಮಕ್ಕ ಅವಳ ಕೆಲಸ ಏನೆಂದು ಕೇಳಿದಳು. ಗಂಡಂದಿರು ಸಮುದ್ರದ ಮೇಲಿದ್ದಾರೆ, ಇವಳು ಅದೇ ಸಮುದ್ರವನ್ನು ಮಹಡಿಯ ಮೇಲೆ ಕೂತು ನೋಡುತ್ತಾಳೆ. ಕೇಳದೆ ಇರಲಿಕ್ಕೆ ಆಗುತ್ತದೆಯೇ?

"ಮ್ಯಾಲ ಸ್ಯಾಟಲೈಟ್ ತಿರಗ್ತಾವಲ್ಲಕ್ಕ, ಅವು ಇಡೀ ಸಮುದ್ರ ನೋಡ್ತಾವ. ಆದ್ರ ಮ್ಯಾಲಿನ ಪದರ ಮಾತ್ರ" ಎಂದು ಮಮತಾ ಮೇಜಿನ ಮೇಲಿನ ಬಟ್ಟೆಯ ಮೇಲೆ ಕೈ ಸವರಿದಳು. "ನೀರು ಎಲ್ಲಿ ಉಬ್ಬೈತಿ, ಎಲ್ಲಿ ತಗ್ಗೈತಿ ಅಂತನೂ ಅಳೀತಾವ. ಬಿಸಿ ನೀರು ಒಂದೀಟು ಉಬ್ಬತೈತಿ. ಆದ್ರ ಒಳಗ ಎಷ್ಟು ಆಳದ ತನಕ ಬಿಸಿ ಐತಿ ಅನ್ನೋದು ಅವಕ್ಕ ಕಾಣಂಗಿಲ್ಲ. ಅದಕ್ಕ ಸಮುದ್ರದಾಗ ಅಲ್ಲಲ್ಲಿ ಬೂಯ್ ಬಿಟ್ಟಿರ್ತಾರ. ತೇಲೋ ಡಬ್ಬಿ ಅನ್ನು. ಕೆಳಗ ಉದ್ದಕ ಹಗ್ಗ, ಹಗ್ಗಕ ಥರ್ಮಾಮೀಟರು. ಅವು ಆಳದ ಸುದ್ದಿ ಹೇಳ್ತಾವ. ಆದ್ರ ತಾವು ಇರೋ ಜಾಗದ್ದು ಅಷ್ಟ."

"ಮತ್ತ ನಡುವಿಂದು?"

"ನಡುವಿಂದು ನಾವು ಲೆಕ್ಕ ಹಾಕ್ಬೇಕು. ಸ್ಯಾಟಲೈಟ್ ಹೇಳಿದ್ದು, ಡಬ್ಬಿ ಹೇಳಿದ್ದು, ಎರಡೂ ಕೂಡಿಸಿ. ಅದ ನನ್ ಕೆಲಸ."

ಚಂಡಮಾರುತಕ್ಕೆ ಈ ಲೆಕ್ಕ ಯಾಕೆ ಬೇಕು ಎಂದೂ ಹೇಳಿದಳು. ಬಿಸಿ ನೀರೇ ಅದರ ಊಟ. ಗಾಳಿ ಬೀಸುತ್ತಾ ನೀರನ್ನು ಕಡೆಯುತ್ತದೆ. ಕೆಳಗೆ ತಣ್ಣಗಿದ್ದರೆ ತಣ್ಣೀರು ಮೇಲೆ ಬಂದು ಗಾಳಿಯ ಜೋರು ಇಳಿಯುತ್ತದೆ. ಕೆಳಗೂ ಬಿಸಿಯೇ ಇದ್ದರೆ ಎಷ್ಟು ಕಡೆದರೂ ಬಿಸಿಯೇ ಬರುತ್ತದೆ, ಗಾಳಿ ತಿಂದು ಕೊಬ್ಬುತ್ತದೆ. ದ್ಯಾಮಕ್ಕನ ತವರು ಕಣೇಕಲ್ಲು, ಕೆರೆಯಲ್ಲಿ ಈಜಿ ಬೆಳೆದವಳು. "ನಮ್ ಕೆರಿನೂ ಹಂಗ. ಮ್ಯಾಲ ಬೆಚ್ಚಗ, ಕಾಲಿಗೆ ಥಣ್ಣಗ" ಎಂದು ತಲೆಯಾಡಿಸಿದಳು.

ದಸರಾ ಮುಗಿದ ಮೇಲೆ ಒಂದು ಬೆಳಿಗ್ಗೆ ನನ್ನ ಗಂಡನ ಫೋನ್ ಬಂತು. ಬಂದರಿನಲ್ಲಿ ಐಸ್ ತುಂಬುತ್ತಿದ್ದರು, ಹಿಂದೆ ಗದ್ದಲ ಕೇಳುತ್ತಿತ್ತು. ನಾನು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟೆ.

"ಮಮತಾನ್ನ ಕರಿ" ಎಂದರು. ಹೆಂಡತಿಯನ್ನು ಹೇಗಿದ್ದೀಯ ಎಂದು ಕೇಳುವ ಮೊದಲೇ ತಂಗಿ ಬೇಕು. ಮಮತಾ ಬಂದಳು. "ತಂಗಿ, ಸಮುದ್ರದಾಗ ಏನೋ ಸುಳಿ ಎದ್ದೈತಂತ. ರೇಡಿಯೋದಾಗ ಎಚ್ಚರಿಕಿ ಅಂತಾರ. ಅವರು ವರ್ಷಕ್ಕ ಎಷ್ಟು ಸಲ ಹೇಳ್ತಾರೋ ಏನೋ. ತಾಂಡೇಲ ಹೊಂಡೂಣು ಅಂತಾನ. ನಿನ್ ಲೆಕ್ಕ ಏನು ಹೇಳ್ತೈತಿ?"

ಬೋಟ್ ನಡೆಸುವವನಿಗೆ ಅಲ್ಲಿ ತಾಂಡೇಲ ಅನ್ನುತ್ತಾರೆ. ಮಮತಾ ಮೇಲೆ ಓಡಿ ಹೋಗಿ ನೋಡಿಕೊಂಡು ಬಂದಳು.

"ಮ್ಯಾಲ ಬಿಸಿ ಐತಿ ಅಣ್ಣ. ಆದ್ರ ಕೆಳಗ ತಣ್ಣಗೈತಿ. ಭಾಳ ದೊಡ್ಡದಾಗಂಗಿಲ್ಲ ಅಂತ ಕಾಣ್ತೈತಿ."

"ಕಾಣ್ತೈತಿ ಅಂದ್ರ? ಹೋಗ್ಲೋ ಬ್ಯಾಡೋ?"

ಹೀಗೆ ಮನೆಯವರಿಗೆ ಹೇಳುವುದು ಅವಳ ಕೆಲಸವಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. ಹತ್ತಾರು ಜನರ ಲೆಕ್ಕಗಳಲ್ಲಿ ಅವಳದೂ ಒಂದು, ಎಲ್ಲ ಸೇರಿ ಆಮೇಲೆ ದೊಡ್ಡವರು ಹೇಳಬೇಕು. ಆದರೆ ಕೇಳುತ್ತಿದ್ದವನು ಅಣ್ಣ. ನಾನೂ ದ್ಯಾಮಕ್ಕನೂ ಅವಳ ಬಾಯಿಯನ್ನೇ ನೋಡುತ್ತಿದ್ದೆವು.

"ಹೋಗು" ಎಂದಳು. "ಭಾಳ ದೂರ ಹೋಗಬ್ಯಾಡ."

ಅತ್ತ ಕಡೆ ಬೊಮ್ಮಪ್ಪನ ದನಿ ಕೇಳಿತು. ಅವನದು ಬೇರೆ ಬೋಟು, ಆದರೆ ಎರಡೂ ಜೊತೆಗೇ ಹೊರಡುತ್ತಿದ್ದವು. "ನಾವೂ ಹೊಂಟ್ವಿ ತಂಗಿ! ಕೆಳಗ ತಣ್ಣಗೈತಿ ಅಂದ್ಯಲ್ಲ, ನಂಗ ಅದ ಹೆದ್ರಿಕಿ ನೋಡು!" ಎಲ್ಲರೂ ನಕ್ಕೆವು. ಮಾವ ಕೂಡ ನಕ್ಕರು. ನನಗೆ ಹೆಮ್ಮೆಯೋ ಹೆಮ್ಮೆ. ಆ ಸಂಜೆ ನಲ್ಲಿಯ ಹತ್ತಿರ ನೀರು ಹಿಡಿಯುವಾಗ, ಟಿ.ವಿ.ಯವರು ಬಡಕೊಳ್ಳಲಿ, ನಮ್ಮ ನಾದಿನಿ ಸಮುದ್ರದ ಒಳಗನ್ನೇ ನೋಡಿ ಹೇಳಿದ್ದಾಳೆ ಎಂದು ಬೀದಿಗೆಲ್ಲ ಸಾರಿದೆ.

ಸುಳಿ ದೊಡ್ಡದಾಗುವುದಿಲ್ಲ ಎಂದಿದ್ದಳಲ್ಲ, ಆಗತೊಡಗಿತು. ಮೊದಲು ಟಿ.ವಿ.ಯ ಕೆಳಗಿನ ಸಾಲಿನಲ್ಲಿ ಓಡುತ್ತಿದ್ದ ಸುದ್ದಿ ನಡುಪರದೆಗೆ ಬಂತು. ಬೋಟುಗಳು ಫೋನಿಗೆ ಸಿಗದಷ್ಟು ದೂರ ಹೋಗಿದ್ದವು. ಮಮತಾ ಊಟಕ್ಕೆ ಇಳಿಯುವುದನ್ನು ಬಿಟ್ಟಳು. ತಟ್ಟೆ ತೆಗೆದುಕೊಂಡು ಹೋದರೆ ಹಾಗೇ ಇರುತ್ತಿತ್ತು. ನನಗೆ ಮೊದಲು ಭಯವಾಯಿತು, ಭಯದ ಹಿಂದೆಯೇ ಸಿಟ್ಟು ಬಂತು. ನನಗೆ ಯಾವಾಗಲೂ ಹೀಗೆಯೇ.

"ಕೆಳಗೆ ತಣ್ಣಗೈತೆ ಅಂದ್ಯಲ್ಲ, ಮತ್ಯಾಕೆ ಹಿಂಗೆ ಉಬ್ಬುತಾ ಐತೆ?" ಎಂದೆ.

"ಗೊತ್ತಾಗವಲ್ದು ಅತ್ತಿಗೆ. ನನ್ ಲೆಕ್ಕದಾಗ ತಣ್ಣಗ ಐತಿ. ಸ್ಯಾಟಲೈಟಿಂದು ಸರಿ ಐತಿ, ಡಬ್ಬಿದೂ ಸರಿ ಐತಿ."

"ಎರಡೂ ಸರಿ ಐತೆ ಅಂದ್ರೆ ತಪ್ಪಿರೋದು ಗಾಳಿನಾ?"

ಅವಳು ಮತ್ತೆ ಪರದೆಯ ಕಡೆ ತಿರುಗಿದಳು. ಕಣ್ಣು ಕೆಂಪಗಿದ್ದವು. ನಾನು ತಟ್ಟೆಯನ್ನು ಕುಕ್ಕಿ ಇಳಿದು ಬಂದೆ.

ಮರುದಿನ ಬಳ್ಳಾರಿಯಿಂದ ವಾಷಿಂಗ್ ಆದ ಮಾಲು ಬಂತು. ಗಂಟು ಬಿಚ್ಚಿದ ಮಾವ ಕೂಗಿದ ಕೂಗಿಗೆ ಅತ್ತೆ ಒಳಗಿಂದ ಓಡಿ ಬಂದರು. ಪ್ಯಾಂಟಿನ ಮುಂಭಾಗ ಕಪ್ಪು ನೀಲಿ, ಹಿಂಭಾಗ ಬೂದಿ ಬಣ್ಣ. ಇನ್ನೊಂದು ತೆಗೆದರೆ ಹಿಂಭಾಗ ಕಪ್ಪು, ಮುಂಭಾಗ ಬೂದಿ. ದೀಪಾವಳಿಯ ಅವಸರದಲ್ಲಿ ಮುಂಭಾಗಗಳಿಗೆ ನಾವು ನಂಬರ್ ಹಾಕಿ, ಹಿಂಭಾಗಗಳಿಗೆ ನಂಬರ್ ಹಾಕಲು ಪಕ್ಕದ ಯೂನಿಟ್ಟಿಗೆ ಕೊಟ್ಟಿದ್ದೆವು. ಅವರು ಅವರ ಪದ್ಧತಿಯಂತೆ ಮೇಲಿನಿಂದ ಎಣಿಸಿದ್ದರು. ನಮ್ಮ ತಳದ ಪದರಕ್ಕೆ ಅವರ ಮೇಲಿನ ಪದರ ಸೇರಿತ್ತು. ಹೊಲಿಯುವಾಗ ಯಾರಿಗೂ ತಿಳಿಯಲಿಲ್ಲ, ನಂಬರ್ ಸರಿಯಾಗಿಯೇ ಕೂಡಿದ್ದವು.

"ಪಾಯಕ್ಕ ಮಾಳಿಗಿ ಹೊಲ್ದಾರಲೇ!" ಎಂದು ಮಾವ ಬೊಬ್ಬೆ ಹೊಡೆಯುತ್ತಿದ್ದರು.

ಗಲಾಟೆಗೆ ಮಮತಾ ಮೆಟ್ಟಿಲಿನ ಮೇಲೆ ಬಂದು ನಿಂತಿದ್ದಳು. ಇಳಿದು ಬಂದು ಒಂದು ಪ್ಯಾಂಟನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅಪ್ಪ, ಅವ್ರು ಮ್ಯಾಲಿಂದ ಎಣಿಸ್ಯಾರೇನು?" ಎಂದಳು. ಮಾವ ಹೌದು ಎಂದು ಇನ್ನೂ ಏನೋ ಬೈಯುತ್ತಿದ್ದಂತೆ ಪ್ಯಾಂಟು ಅವಳ ಕೈಯಿಂದ ಜಾರಿತು. ಮೆಟ್ಟಿಲು ಹತ್ತಿ ಓಡಿದಳು. ಅವಳ ಮುಖ ನೋಡಿ ನಾನೂ ಹಿಂದೆಯೇ ಹೋದೆ.

ಕಂಪ್ಯೂಟರಿನ ಮುಂದೆ ಕೂತು ಏನೋ ಹುಡುಕುತ್ತಿದ್ದಳು. ಒಂದು ಕಡೆ ನಿಲ್ಲಿಸಿ, ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ನಾ ಕೆಳಗಿಂದ ಎಣಿಸೀನಿ ಅತ್ತಿಗೆ."

"ಏನನ್ನ?"

"ಸಮುದ್ರಾನ್ನ."

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಸಮುದ್ರವನ್ನೂ ಅವರು ಪದರ ಪದರವಾಗಿ ಲೆಕ್ಕ ಹಾಕುತ್ತಾರೆ. ಸ್ಯಾಟಲೈಟ್ ನೋಡಿ ಮಾಡಿದ ಅಂದಾಜನ್ನು ಡಬ್ಬಿಗಳ ಸುದ್ದಿಯ ಜೊತೆ ಹೋಲಿಸಿ, ಈ ಪದರಕ್ಕೆ ಇಷ್ಟು ಕೂಡಿಸು, ಆ ಪದರಕ್ಕೆ ಇಷ್ಟು ಕಳೆ ಎಂದು ತಿದ್ದುತ್ತಾರೆ. ಆ ತಿದ್ದುಪಡಿಗಳು ಮೇಲಿನ ಪದರದಿಂದ ಶುರುವಾಗಿ ಬರುತ್ತವೆ. ಹೊಸದಾಗಿ ಲೆಕ್ಕದ ಪ್ರೋಗ್ರಾಂ ಬರೆಯುವಾಗ ಮಮತಾ ಪದರಗಳಿಗೆ ನಂಬರ್ ಹಾಕಿದ್ದು ಅಪ್ಪನ ಮೇಜಿನ ಪದ್ಧತಿಯಲ್ಲಿ, ತಳದಿಂದ. ಬೇರೆ ಥರ ಹಾಕಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಹೀಗಾಗಿ ಮೇಲಿನ ಪದರಗಳಿಗೆ ಸೇರಬೇಕಾದ ಬಿಸಿ ತಳಕ್ಕೆ ಹೋಗಿತ್ತು, ತಳದ ತಿದ್ದುಪಡಿ ಮೇಲಕ್ಕೆ ಬಂದಿತ್ತು. ಬೇರೆ ದಿನಗಳಲ್ಲಾದರೆ ತಿದ್ದುಪಡಿ ಚೂರುಪಾರು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈ ಸಲ ಡಬ್ಬಿಗಳು ಮೇಲ್ಪದರದ ಕೆಳಗೂ ಬಿಸಿ ಇದೆ, ಬಿಸಿ ಇದೆ ಎಂದು ಕೂಗಿ ಹೇಳಿದ್ದವು. ಇವಳು ಆ ಕೂಗನ್ನು ಎತ್ತಿ ಪಾತಾಳಕ್ಕೆ ಹಾಕಿದ್ದಳು.

ಸರಿ ಮಾಡಿ ಮತ್ತೆ ಲೆಕ್ಕ ಓಡಿಸಿದಳು. ಪರದೆಯ ಮೇಲೆ ಸಮುದ್ರದ ಚಿತ್ರ ನಿಧಾನವಾಗಿ ಬಂತು. ಮೊದಲು ಮೇಲೆ ತೆಳ್ಳಗೆ ಇದ್ದ ಕೆಂಪು ಈಗ ಕೆಳಗೆ, ಇನ್ನೂ ಕೆಳಗೆ ಇಳಿಯುತ್ತಾ ಹೋಯಿತು. ನನಗೆ ಓದು ಕಡಿಮೆ, ಆದರೆ ಆ ಕೆಂಪಿನ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಗಂಡ ಆ ಕೆಂಪಿನ ಮೇಲೆ ಒಂದು ಮರದ ಬೋಟಿನಲ್ಲಿ ಕೂತು ಬಲೆ ಹೊಲಿಯುತ್ತಿದ್ದರು.

"ಹೇಳು ಅವರಿಗೆ! ಏನ್ ನೋಡ್ತಾ ಕೂತಿದೀಯ?" ಎಂದು ಅವಳ ಭುಜ ಹಿಡಿದು ಅಲ್ಲಾಡಿಸಿದೆ.

ಎರಡೂ ಬೋಟುಗಳ ಸಾಹುಕಾರನ ಹತ್ತಿರ ವೈರ್‌ಲೆಸ್ ಇತ್ತು. ಮಮತಾ ಅವನಿಗೆ ಫೋನ್ ಮಾಡಿದಳು. "ಮೊನ್ನೆ ಹೋಗಬಹುದು ಅಂತ ಹೇಳಿದ್ದು ನೀವೇ ಅಲ್ವಾ ಮಾರಾಯ್ರೆ?" ಎಂದು ಆತ ರೇಗಿದ. "ಹೌದ್ರಿ, ನಾನ. ತಪ್ಪು ಹೇಳಿದ್ದೆ. ಎರಡೂ ಬೋಟು ವಾಪಸ್ ಕರೀರಿ, ಕೈಮುಗೀತೀನಿ" ಎಂದಳು. ಆತ ಆಗಲಿ ಎಂದ. ಆಮೇಲೆ ಅವಳು ತನ್ನ ಆಫೀಸಿನ ದೊಡ್ಡವರಿಗೆ ಮಾಡಿದಳು. ಇಂಗ್ಲಿಷು, ತೆಲುಗು ಕಲೆಸಿ ಮಾತಾಡಿದಳು. ತಪ್ಪು ತನ್ನದೇ ಎಂದು ಹೇಳಿದ್ದು ನನಗೆ ತಿಳಿಯಿತು. ಅತ್ತ ಕಡೆಯವರು ತಿದ್ದಿದ್ದನ್ನು ಈಗಲೇ ಕಳಿಸು ಎಂದಷ್ಟೇ ಹೇಳಿ ಇಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದಳು ಮಮತಾ.

ನಾನು ಕೆಳಗೆ ಬಂದು ದ್ಯಾಮಕ್ಕನಿಗೆ ಎರಡೂ ಬೋಟುಗಳನ್ನು ವಾಪಸ್ ಕರೆದಿದ್ದಾರೆ ಎಂದೆ. ಯಾಕೆ ಎಂದು ಕೇಳಿದಾಗ ಎಲ್ಲವನ್ನೂ ಹೇಳಿದೆ. ಅವಳು ಮುಖ ಗಂಟಿಕ್ಕಲಿಲ್ಲ. "ತಪ್ಪು ಯಾರ್ ಮಾಡಂಗಿಲ್ಲ? ಈಗ ಹೇಳ್ಯಾಳಲ್ಲ, ಬರ್ತಾರ ಬಿಡು" ಎಂದು ಕೆಲಸಕ್ಕೆ ಕೂತಳು. ನೇಮಕಲ್ಲಿನ ಆಂಜನೇಯನಿಗೆ ಹರಕೆ ಕಟ್ಟಿಕೊಂಡಳು. ಇಬ್ಬರು ಗಂಡಂದಿರ ಹೆಸರಿನಲ್ಲೂ ಕಟ್ಟಿಕೊಂಡಳು, ನನಗೆ ಅದು ಹೊಳೆದಿರಲಿಲ್ಲ.

ಆಮೇಲೆ ನಾವು ಟಿ.ವಿ. ಮುಂದೆ ಕೂತೆವು. ಗಾಳಿ ಮಮತಾಳ ಕೆಂಪು ಚಿತ್ರ ಹೇಳಿದಂತೆಯೇ ತಿಂದು ಕೊಬ್ಬಿತು. ಕರಾವಳಿಯ ತೆಂಗಿನಮರಗಳು ನೆಲಕ್ಕೆ ತಲೆ ಹಚ್ಚುವುದನ್ನು ತೋರಿಸಿದರು. ಮಾವ ಕತ್ತರಿ ಮುಟ್ಟಲಿಲ್ಲ. ಅತ್ತೆ ದೇವರ ಕೋಣೆಯಿಂದ ಹೊರಗೆ ಬರಲಿಲ್ಲ. ನಾನು ಮಾಡಿದ ಅಡುಗೆಯಲ್ಲಿ ಉಪ್ಪಿತ್ತೋ ಇಲ್ಲವೋ, ಯಾರೂ ಹೇಳಲಿಲ್ಲ.

ಫೋನ್ ಬಂದಾಗ ನಾನು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಯಾವುದೋ ಹೊಸ ನಂಬರು. "ರೇಖಾ" ಎಂದರು ನನ್ನ ಗಂಡ. ಬಾಯಿಗೆ ಬಂದಂತೆ ಬೈದೆ, ಅತ್ತುಬಿಟ್ಟೆ, ಮತ್ತೆ ಬೈದೆ. ಬೇರೆ ಬಂದರಿಗೆ ಸೇರಿದ್ದರಂತೆ, ಫೋನ್ ನೀರು ಕುಡಿದಿತ್ತಂತೆ. ನನ್ನ ಬೈಗುಳ ಮುಗಿಯುವ ತನಕ ಸುಮ್ಮನಿದ್ದರು. ಅವರು ಯಾವತ್ತೂ ಹಾಗೆ ಸುಮ್ಮನೆ ಕೇಳಿದವರಲ್ಲ.

"ಬೊಮ್ಮಣ್ಣನ ಬೋಟು ಬಂದಿಲ್ಲ" ಎಂದರು.

"ಅವರಿಗೂ ಹೇಳಿದ್ರಲ್ಲ! ಎರಡೂ ಬೋಟಿಗೆ ಹೇಳಿದ್ರಲ್ಲ!"

"ಹೇಳಿದ್ರು. ಸಾಹುಕಾರ ಹೇಳಿದ. ನಾನೂ ವೈರ್‌ಲೆಸ್‌ನಾಗ ಕೂಗಿ ಹೇಳಿದೆ. ಅವರ ತಾಂಡೇಲ ನಕ್ಕುಬಿಟ್ಟ. ಮೊನ್ನಿ ನಿನ್ ತಂಗಿ ತಣ್ಣಗೈತಿ ಅಂದ್ಲು, ಇವತ್ತು ಬಿಸಿ ಐತಿ ಅಂತಾಳ, ನಾಳಿ ಏನಂತಾಳ ಅಂತ. ಮೀನು ಚೊಲೋ ಬೀಳಾಕ ಹತ್ತಿದ್ವು. ಬೊಮ್ಮಣ್ಣನೂ ಮಾತಾಡಿದ. ಇದೊಂದು ಬಲಿ ಎಳದು ಬರ್ತೀವಿ, ನೀ ನಡಿ ಅಂದ." ಆಮೇಲೆ ಸೇರಿಸಿದರು, "ಮಮತಾಗ ಇದು ಹೇಳಬ್ಯಾಡ."

ಫೋನ್ ಇಟ್ಟು ತಿರುಗಿದರೆ ಮಮತಾ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ನನ್ನ ಗಂಡನ ದನಿ ದೊಡ್ಡದು, ಆ ಹಾಳು ಫೋನ್ ಅದನ್ನು ಇನ್ನೂ ಜೋರು ಮಾಡಿತ್ತು, ಅವಳಿಗೆ ಎಲ್ಲ ಕೇಳಿಸಿತ್ತು. ಅವಳು ಅಣ್ಣ ಬದುಕಿದ್ದಾನೆ ಎಂದು ಅಳಲೂ ಇಲ್ಲ, ನಗಲೂ ಇಲ್ಲ, ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಗಂಡ ಸಿಕ್ಕ ಸಂತೋಷವನ್ನು ಮನಸ್ಸು ತುಂಬ ಪಡಲು ನನಗೆ ಒಂದು ಗಳಿಗೆಯೂ ಸಿಗಲಿಲ್ಲ ಎಂದು ಅವಳ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಅಂಥ ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಹುಡುಕುವವರು ಹುಡುಕಿದರು. ಒಡೆದ ಹಲಗೆಗಳು, ಐಸ್ ಪೆಟ್ಟಿಗೆಯ ಮುಚ್ಚಳ ಸಿಕ್ಕವು, ಮನುಷ್ಯರು ಸಿಗಲಿಲ್ಲ. ಸಿದ್ದರಾಮೇಶ್ ದೀಪಾವಳಿಗೆ ಮೊದಲೇ ಬಂದರು, ಮೊದಲು ನಮ್ಮ ಮನೆಗಲ್ಲ, ದ್ಯಾಮಕ್ಕನ ಮನೆಗೆ ಹೋದರು. ಅಲ್ಲಿ ಏನು ಮಾತಾಯಿತೋ ನನಗೆ ಹೇಳಲಿಲ್ಲ. ವೈರ್‌ಲೆಸ್‌ನಲ್ಲಿ ಆದ ಮಾತನ್ನೆಲ್ಲ ಹೇಳಿದ್ದಾರೆ ಎಂದು ಮಾತ್ರ ಗೊತ್ತಾಯಿತು. ದ್ಯಾಮಕ್ಕ ಬಳೆ ತೆಗೆಯಲಿಲ್ಲ. ಜನ ಹೇಳಿದರು, ಅವಳು ಕೇಳಲಿಲ್ಲ. ಮಮತಾಳ ಆಫೀಸಿನವರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಎಚ್ಚರಿಕೆ ಮೊದಲೇ ಕೊಟ್ಟಿದ್ದೆವು, ಬೋಟಿನವರು ಹೋಗಬಾರದಿತ್ತು ಎಂದರಂತೆ. ಅದು ನಿಜ. ಆದರೆ ಅವರು ಹೋದದ್ದು ಆ ಎಚ್ಚರಿಕೆ ಕೇಳಿ ಅಲ್ಲ, ನಮ್ಮ ಮೇಜಿನ ಮೇಲೆ ಸ್ಪೀಕರ್ ಹಾಕಿಟ್ಟಿದ್ದ ಫೋನಿನ ಮಾತು ಕೇಳಿ.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ದ್ಯಾಮಕ್ಕ ಯೂನಿಟ್ಟಿಗೆ ಬಂದಳು. ಬಾ ಎಂದು ಯಾರೂ ಕರೆದಿರಲಿಲ್ಲ. ತನ್ನ ಜಾಗದಲ್ಲಿ ಕೂತಳು. ಮಾವ ಚೀಟಿಯ ಹಾಳೆಯನ್ನು ಅವಳ ಮುಂದಿಟ್ಟರು. ತಳದ ತುಂಡಿಗೆ ಒಂದು, ಅದರ ಮೇಲಿನದಕ್ಕೆ ಎರಡು, ಅಂಟಿಸುತ್ತಾ ಹೋದಳು. ನಾನು ಪಕ್ಕದಲ್ಲಿ ಕೂತೆ. ನನ್ನ ಗಂಡ ಆಚೆ ಮಿಷನ್ನಿನ ಮೇಲೆ ಹೊಲಿಯುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಲ್ಲಲಿ ಎಂದು ನಾನು ಬೇಡಿಕೊಂಡೆ.

"ರೇಖಾ" ಎಂದಳು ದ್ಯಾಮಕ್ಕ, ತಲೆ ಎತ್ತದೆ. "ನಿನ್ ನಾದ್ನಿನ ಒಂದ್ ಮಾತು ಕೇಳ್ತೀಯೇನು?"

"ಹೇಳಕ್ಕ."

"ಅಲ್ಲಿ ಕೆಳಗ ಭಾಳ ಥಂಡಿ ಐತೇನು ಅಂತ ಕೇಳು. ಅವ್ಗ ಥಂಡಿ ತಡಿಯಂಗಿಲ್ಲ." ಚೀಟಿ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. "ಮಣ್ಣಾಗ ಇಟ್ಟಿದ್ರ ಬೆಚ್ಚಗಾದ್ರೂ ಇರ್ತಿದ್ದ."

ನಾನು ಎದ್ದೆ. ಮೆಟ್ಟಿಲು ಹತ್ತಿದೆ. ಮಮತಾ ಕಿಟಕಿಯ ಹತ್ತಿರ ಕೂತಿದ್ದಳು, ಬಹಳ ಇಳಿದು ಹೋಗಿದ್ದಳು. ದ್ಯಾಮಕ್ಕ ಕೇಳಿದ್ದನ್ನು ಹೇಳಿದೆ. ಅವಳು ಕಂಪ್ಯೂಟರ್ ತೆರೆದಳು. ಚಿತ್ರ ಬಂತು. ಆ ದೊಡ್ಡ ಕೆಂಪಿನ ನಡುವೆ, ಗಾಳಿ ಹಾದು ಹೋದ ದಾರಿಯುದ್ದಕ್ಕೂ, ನೀಲಿ ಪಟ್ಟೆ ಎಳೆದಂತೆ ಇತ್ತು.

"ಗಾಳಿ ಎಲ್ಲಾ ಕಲಕಿಬಿಟ್ಟೈತಿ ಅತ್ತಿಗೆ" ಎಂದಳು. "ಈಗ ಅಲ್ಲಿ ಖರೇನ ತಣ್ಣಗೈತಿ."

ಇಬ್ಬರೂ ಆ ನೀಲಿಯನ್ನು ನೋಡುತ್ತಾ ನಿಂತೆವು. "ನಾನು ಹೋಗಿ ಏನಾದ್ರೂ ಹೇಳ್ತೀನಿ ಬಿಡು" ಎಂದೆ.

"ಬ್ಯಾಡ. ಮೊದ್ಲು ಹೇಳಿದಾಕಿ ನಾನು. ನಾನ ಹೇಳ್ತೀನಿ."

ಎಷ್ಟೋ ದಿನಗಳ ಮೇಲೆ ಅವಳು ಕೆಳಗೆ ಇಳಿದಳು. ಮಾವ ಅವಳನ್ನು ನೋಡಿ ಬಟ್ಟೆ ಹಾಸುವುದನ್ನು ನಿಲ್ಲಿಸಿದರು. ಮಿಷನ್ನಿನ ಸದ್ದೂ ನಿಂತಿತು. ಮಮತಾ ದ್ಯಾಮಕ್ಕನ ಮುಂದೆ ನೆಲದ ಮೇಲೆ ಕೂತಳು.

"ಬೆಚ್ಚಗೈತಿ ಅಕ್ಕ" ಎಂದಳು.

ದ್ಯಾಮಕ್ಕನ ಕೈ ನಿಂತಿತು. "ಎಷ್ಟು ಕೆಳಗಿನ ತನಕ?"

"ತಳದ ತನಕ."

ದ್ಯಾಮಕ್ಕ ತಲೆ ಎತ್ತಿ ಅವಳ ಮುಖವನ್ನೇ ನೋಡಿದಳು. "ಈ ಸಲ ಖರೆ ಹೇಳಾಕ ಹತ್ತೀಯಲ್ಲ, ತಂಗಿ?"

"ಖರೆ ಅಕ್ಕ. ಎರಡು ಸಲ ನೋಡೀನಿ."

ದ್ಯಾಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಮುಂದಿನ ತುಂಡನ್ನು ಹತ್ತಿರಕ್ಕೆ ಎಳೆದುಕೊಂಡಳು.